ಒಂದೇ ಪಂಕ್ತಿ

ಕೋಣೆಯ ಬೀಗ ತೆಗೆಯುತ್ತ ಯಲ್ಲಯ್ಯ, "ಇಬ್ಬರಿಗೆ ಆರಾಮಾಗಿ ಸಾಲುತ್ತೆ ಮೇಡಂ, ಒಬ್ಬರು ನಿಂತ್ಕೊಂಡ್ರೆ" ಎಂದರು. ತಮಾಷೆಗೆ ಹೇಳಿದ್ದಾದರೂ ಅದರಲ್ಲಿ ಸುಳ್ಳೇನೂ ಇರಲಿಲ್ಲ. ಬನಶಂಕರಿ ಎರಡನೇ ಹಂತದ ಅವರ ಹಳೆಯ ಮನೆಯ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕದಲ್ಲಿ ಇದ್ದದ್ದು ಒಂದೇ ಕೋಣೆ. ಹತ್ತಡಿ ಉದ್ದ, ಎಂಟಡಿ ಅಗಲ. ಬಾಗಿಲ ಮಗ್ಗುಲಿಗೇ ಅಡುಗೆ ಕಟ್ಟೆ, ಎದುರು ಗೋಡೆಯಲ್ಲೊಂದು ಕಿಟಕಿ, ಎಡಗೋಡೆಯಲ್ಲೊಂದು ಕಿಟಕಿ. ಬಚ್ಚಲು ಹೊರಗೆ, ತಾರಸಿಯ ಆ ತುದಿಯಲ್ಲಿ. ಆರಡಿ ಮೀರಿದ ಶರಣ್ ಒಳಗೆ ಕಾಲಿಡುವಾಗ ಬಾಗಿಲ ಮೇಲುಪಟ್ಟಿಗೆ ಹಣೆ ಬಡಿಸಿಕೊಂಡ. ಹೊರಗೆ ಬರುವಾಗ ಇನ್ನೊಮ್ಮೆ ಬಡಿಸಿಕೊಂಡ.

"ಹಿಡೀತೀವಿ ಅಂಕಲ್" ಎಂದಳು ಸ್ಪಂದನಾ.

"ಪೂರ್ತಿ ನೋಡ್ಲೇ ಇಲ್ಲವಲ್ಲ ಮೇಡಂ?"

"ನೋಡಾಯ್ತು. ನಿಂತಲ್ಲಿಂದ್ಲೇ ಎಲ್ಲಾ ಕಾಣುತ್ತೆ."

ಗಂಡ ಹಣೆ ಉಜ್ಜಿಕೊಳ್ಳುತ್ತಿದ್ದ. ಅವನ ಅಭಿಪ್ರಾಯ ಕೇಳುವ ಗೋಜಿಗೆ ಅವಳು ಹೋಗಲಿಲ್ಲ.

ಅವಳಿಗೆ ಅವಳದೇ ಕಾರಣವಿತ್ತು. ಉತ್ತರಹಳ್ಳಿಯಲ್ಲಿ ಮಾವ ಮರುಳಸಿದ್ದಪ್ಪನವರಿಗೆ ಮೂರಂತಸ್ತಿನ ಮನೆ. ಕೆಳಗೆ ಪೇಂಟು, ಹಾರ್ಡ್‌ವೇರ್ ಅಂಗಡಿ, ಮೇಲೆ ಸಂಸಾರ. ಅಷ್ಟು ದೊಡ್ಡ ಮನೆಯಲ್ಲಿ ಮದುವೆಯಾಗಿ ವರ್ಷ ಕಳೆದರೂ ಸ್ಪಂದನಾಳಿಗೆ ಒಂದು ಕಪಾಟು ಸಿಕ್ಕಿರಲಿಲ್ಲ. ಕೊಡುವುದಿಲ್ಲ ಎಂದು ಯಾರೂ ಹೇಳಿದ್ದಲ್ಲ. ಒಂದರಲ್ಲಿ ಅತ್ತೆಯ ಸೀರೆಗಳು, ಇನ್ನೊಂದರಲ್ಲಿ ವಾರಗಿತ್ತಿ ವನಿತಾಳ ಬಾಣಂತನದ ಕಾಲದ ಸಾಮಾನು, ಮೂರನೆಯದರ ಬೀಗದಕೈಯನ್ನು ಅಜ್ಜಿ ಅಕ್ಕಯಮ್ಮ ಎಲ್ಲೋ ಇಟ್ಟು ಮರೆತಿದ್ದರು. ಹಾಗಾಗಿ ಅವಳ ಬಟ್ಟೆಬರೆ ತವರಿನಿಂದ ತಂದ ಕೆಂಪು ಸೂಟ್‌ಕೇಸಿನಲ್ಲೇ ಮಂಚದ ಕೆಳಗಿತ್ತು. ದಿನಾ ಬೆಳಗ್ಗೆ ಮಂಡಿಯೂರಿ ಅದನ್ನು ಎಳೆದು, ಕುರ್ತಾ ತೆಗೆದು, ಕಾಲಲ್ಲಿ ಒಳಗೆ ತಳ್ಳಬೇಕು. ಜಗಳವಿರಲಿಲ್ಲ, ಊಟ ಚೆನ್ನಾಗಿತ್ತು, ಯಾರೂ ಬೈಯುತ್ತಿರಲಿಲ್ಲ. ಸೂಟ್‌ಕೇಸ್ ಮಾತ್ರ ಮಂಚದ ಕೆಳಗೇ ಇತ್ತು. ಅವಳ ಕೆಲಸವೋ ಜೆ.ಪಿ. ನಗರದ ಒಂದು ಮಳಿಗೆಯಲ್ಲಿ ಅಪಾರ್ಟ್‌ಮೆಂಟಿನವರಿಗೆ ಕಪಾಟು, ಅಡುಗೆಮನೆಯ ಶೆಲ್ಫು ಮಾರುವುದು. ಹಗಲೆಲ್ಲ ಊರಿಗೆಲ್ಲ ಕಪಾಟು ಮಾರಿ ಸಂಜೆ ಸೂಟ್‌ಕೇಸಿಗೆ ಮರಳುವವಳಿಗೆ ಎಷ್ಟು ದಿನ ತಾಳ್ಮೆ ಇದ್ದೀತು?

ಮಳೆಗಾಲಕ್ಕೆ ಮುಂಚೆ ಇಬ್ಬರೂ ಕೋಣೆಗೆ ಬಂದರು. ಮರುವಾರ ಅತ್ತೆ ನೀಲಗಂಗಮ್ಮ ನೋಡಲು ಬಂದರು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಹೊಸಿಲ ಹೊರಗೇ ನಿಂತರು.

"ಇದು ಮನೆ ಅಲ್ಲ ಕಣೋ ಶರಣ, ಬೀರು" ಎಂದರು. "ಬಾಗಿಲು ತೆಗೆದ್ರೆ ಸೀರೆ ಕಾಣ್ಬೇಕು, ನೀವು ಕಾಣ್ತಿದ್ದೀರ."

"ಒಳಗೆ ಬನ್ನಿ ಅತ್ತೆ."

"ನಾನು ಬಂದ್ರೆ ನೀನೆಲ್ಲಿ ಹೋಗ್ತೀಯ?"

ಕಾಫಿಯನ್ನು ತಾರಸಿಯಲ್ಲೇ ಕುಡಿದರು. ಬಿಸಿಲು ಜೋರಾಗಿತ್ತು. ಸ್ವಲ್ಪ ಹೊತ್ತು ಮಲಗಿ ಹೋಗಿ ಎಂದು ಶರಣ್ ಹೇಳಿದ್ದಕ್ಕೆ, "ಬೇರೆಯವರ ಮನೇಲಿ ನಂಗೆ ಕಣ್ಣು ಹತ್ತಲ್ಲ ಅಂತ ಗೊತ್ತಿಲ್ವಾ ನಿಂಗೆ?" ಎಂದು ಎದ್ದೇಬಿಟ್ಟರು. ಅದು ಬಳಗಕ್ಕೆಲ್ಲ ಗೊತ್ತಿದ್ದದ್ದೇ. ಅರಸೀಕೆರೆಯ ಸ್ವಂತ ತಂಗಿಯ ಮನೆಗೆ ಹೋದರೂ ಕತ್ತಲಾಗುವುದರೊಳಗೆ ಬಸ್ಸು ಹಿಡಿದು ತಮ್ಮ ಹಾಸಿಗೆಗೆ ಬರುವ ಹೆಂಗಸು. ಮಗನ ಮದುವೆಯಲ್ಲಿ ಛತ್ರದ ಕುರ್ಚಿಯ ಮೇಲೆ ಕೂತೇ ಬೆಳಗು ಮಾಡಿದ್ದರು.

ಮೆಟ್ಟಿಲಿಳಿಯುವ ಮುಂಚೆ ತಿರುಗಿ ನಿಂತು ಒಂದು ಮಾತು ಹೇಳಿದರು. ಇವರ ಮನೆತನದಲ್ಲಿ ಶ್ರಾವಣದ ಕೊನೆಯ ಸೋಮವಾರ ಅಯ್ಯನವರನ್ನು ಕರೆದು, ಪಾದಪೂಜೆ ಮಾಡಿ, ಊಟ ಹಾಕುವ ಪದ್ಧತಿ. ಹೊಸ ಸಂಸಾರ ಹೂಡಿದವರು ಮೊದಲ ವರ್ಷ ತಮ್ಮ ಮನೆಯಲ್ಲೇ ಮಾಡಬೇಕು.

"ಅವತ್ತು ಅಯ್ನೋರು, ಮನೆಮಂದಿ ಎಲ್ಲಾ ಈ ರೂಮೊಳಗೆ ಒಂದೇ ಸಲ, ಒಂದೇ ಪಂಕ್ತೀಲಿ ಕೂತು ಉಣ್ಬೇಕು. ಎರಡು ಪಂಕ್ತಿ ಫುಟ್‌ಪಾತಲ್ಲೂ ಹಾಕ್ಬಹುದು. ಒಂದೇ ಪಂಕ್ತಿ ಹಾಕಿದ್ರೆ ಇದನ್ನ ಮನೆ ಅಂತೀನಿ. ಆಗ್ಲಿಲ್ಲ ಅಂದ್ರೆ ಗಂಟುಮೂಟೆ ಕಟ್ಕೊಂಡು ಉತ್ತರಹಳ್ಳಿಗೆ ಬನ್ನಿ."

"ಆಯ್ತಮ್ಮ" ಎಂದುಬಿಟ್ಟ ಶರಣ್.

ಅತ್ತೆ ಗೇಟು ದಾಟುವವರೆಗೂ ಕಾದು ಸ್ಪಂದನಾ ಅವನ ತೋಳು ಚಿವುಟಿದಳು. "ಆಯ್ತಂತೆ! ಯಾರನ್ನ ಕೇಳಿ ಆಯ್ತು ಅಂದೆ?"

"ಬಾಯಿಗೆ ಬಂತು ಕಣೇ. ಚಿಕ್ಕಂದಿನಿಂದ ಅಮ್ಮ ಏನು ಹೇಳಿದ್ರೂ ಅದೇ ಬರೋದು."

"ಸೂಟ್‌ಕೇಸಿನಲ್ಲಿ ಸಂಸಾರ ಮಾಡೋದು ನೀನಲ್ಲವಲ್ಲ."

"ನಾನೂ ಅದರ ಮೇಲೇ ತಾನೇ ಮಲಗ್ತಿದ್ದಿದ್ದು?"

ಇಬ್ಬರೂ ನಕ್ಕರು. ಆದರೆ ಅವತ್ತಿನಿಂದ ಆ ಕೋಣೆಗೆ ಬಂದ ಪ್ರತಿ ವಸ್ತುವೂ ಒಂದೇ ಪ್ರಶ್ನೆಗೆ ಉತ್ತರ ಕೊಡಬೇಕಾಯಿತು: ಶ್ರಾವಣದ ಆ ಸೋಮವಾರ ನೀನು ಎಲ್ಲಿಗೆ ಹೋಗುತ್ತೀಯ?

ಮೊದಲು ಬಂದದ್ದು ಮಂಚ. ಸ್ಪಂದನಾಳ ಮಳಿಗೆಯಲ್ಲಿ ನೋಡಲಿಕ್ಕೆಂದು ಇಟ್ಟಿದ್ದ, ಗೋಡೆಗೆ ಮಡಚುವ ಮಂಚವೊಂದು ಬಿಸಿಲಿಗೆ ಬಣ್ಣ ಮಾಸಿ ಮೂಲೆ ಸೇರಿತ್ತು. ಮ್ಯಾನೇಜರ್ ಅದನ್ನು ಸಾಗಹಾಕಿದರೆ ಸಾಕೆಂದು ಕಾಯುತ್ತಿದ್ದ. ಬಿಚ್ಚಿ, ಹಲಗೆ ಹಲಗೆಯಾಗಿ ಮೇಲೆ ಸಾಗಿಸಿ, ವೀಡಿಯೊ ನೋಡಿಕೊಂಡು ಶರಣ್ ಜೋಡಿಸಿದ. ಎತ್ತಿ ನಿಲ್ಲಿಸಿದರೆ ಬಲಗೋಡೆಗೆ ಒರಗಿದ ಕಪಾಟಿನ ಹಾಗೆ ಕಾಣುತ್ತಿತ್ತು, ಹಿಡಿ ಎಳೆದರೆ ಮೆಲ್ಲಗೆ ಇಳಿದು ಹಾಸಿಗೆಯಾಗುತ್ತಿತ್ತು. ಮಂಚ ಇಳಿಸಿದರೆ ನೆಲವಿಲ್ಲ, ನೆಲ ಬೇಕೆಂದರೆ ಮಂಚವಿಲ್ಲ. ಎಲ್ಲ ಮುಗಿದ ಮೇಲೆ ಅಂಗೈಯಲ್ಲಿ ಸ್ಕ್ರೂಗಳು ಉಳಿದಿದ್ದವು.

"ಇವು ಜಾಸ್ತಿ ಕೊಟ್ಟಿರ್ತಾರೆ" ಎಂದ ಶರಣ್.

"ಯಾರೂ ಜಾಸ್ತಿ ಕೊಡಲ್ಲ. ನಾನು ಅದನ್ನೇ ಮಾರೋದು. ಬಿಚ್ಚು."

ಬಿಚ್ಚಿ ಮತ್ತೆ ಜೋಡಿಸಿದ. ಈ ಸಲ ಒಂದೇ ಉಳಿಯಿತು. ಅದನ್ನು ಸಕ್ಕರೆ ಡಬ್ಬದ ಮೇಲೆ ಇಟ್ಟು, ಅದರ ಸುದ್ದಿ ಎತ್ತಬಾರದೆಂದು ಒಪ್ಪಂದ ಮಾಡಿಕೊಂಡರು.

ಬಣ್ಣ ಬಂದದ್ದು ಮಾವನಿಂದ. ಒಂದು ಸಂಜೆ ಮರುಳಸಿದ್ದಪ್ಪನವರು ಸ್ಕೂಟರಿನ ಕಾಲಿಡುವ ಜಾಗದಲ್ಲಿ ಎರಡು ಡಬ್ಬ ಇಟ್ಟುಕೊಂಡು ಬಂದರು. ಗಿರಾಕಿ ಕಲಸಿಸಿಕೊಂಡು ಹೋಗಿ, ಹೆಂಡತಿಗೆ ಹಿಡಿಸಲಿಲ್ಲವೆಂದು ವಾಪಸು ತಂದ ಹಳದಿ.

"ನಿಮ್ಮತ್ತೆಗೆ ಹೇಳ್ಬೇಡಮ್ಮ. ಅವಳು ಬೀರು ಅಂದಿದ್ದಾಳೆ. ನಾನು ಬೀರುಗೆ ಬಣ್ಣ ಕೊಟ್ಟೆ ಅಂತಾಗುತ್ತೆ."

ರಸಪುರಿ ಮಾವಿನಹಣ್ಣು ಕೊಯ್ದಾಗ ಕಾಣುವ ಹಳದಿ ಅದು. ಒಂದೇ ಗೋಡೆಗೆ ಬಳಿದರು, ಎದುರಿನ ಕಿಟಕಿಯ ಗೋಡೆಗೆ. ಉಳಿದವು ಬಿಳಿ. ಸಂಜೆ ಬಿಸಿಲು ಆ ಕಿಟಕಿಯಿಂದ ಒಳಗೆ ಬಂದಾಗ ಅಡುಗೆ ಕಟ್ಟೆಯ ಮೇಲಿನ ಸ್ಟೀಲ್ ಲೋಟಗಳೂ ಹಳದಿಯಾಗುತ್ತಿದ್ದವು. ಯಾವಳೋ ಪುಣ್ಯಾತ್ಗಿತ್ತಿ ಬೇಡವೆಂದಳಲ್ಲ ಎಂದು ಸ್ಪಂದನಾ ಮನಸ್ಸಿನಲ್ಲೇ ಅವಳಿಗೆ ಕೈ ಮುಗಿದಳು.

ಕನ್ನಡಿ ಶರಣ್‌ನ ಪಾಲು. ಅವನು ಜಯನಗರದ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಿದ್ದ. ಅಂಗಡಿಯ ಒಳಾಂಗಣ ಬದಲಿಸುವಾಗ ಬಿಚ್ಚಿದ ಆಳೆತ್ತರದ ಕನ್ನಡಿಯನ್ನು ಆಟೋದಲ್ಲಿ ತಬ್ಬಿಕೊಂಡು ತಂದ. ಮಡಚಿದ ಮಂಚದ ಬೆನ್ನಿಗೆ ಅದನ್ನು ಅಂಟಿಸಿದ ಮೇಲೆ ಕೋಣೆ ಎರಡಾಯಿತು. ಒಂದರಲ್ಲಿ ಇವರಿದ್ದರು, ಇನ್ನೊಂದರಲ್ಲಿ ಇವರಷ್ಟೇ ಖುಷಿಯಾಗಿದ್ದ ಇನ್ನೊಂದು ಜೋಡಿ.

ಉಳಿದದ್ದೆಲ್ಲ ಗೋಡೆ ಹತ್ತಿತು. ಸೌಟು, ಬಾಣಲೆ, ಜರಡಿ ಕಟ್ಟೆಯ ಮೇಲಿನ ಸರಳಿಗೆ ಜೋತುಬಿದ್ದವು. ಈರುಳ್ಳಿ ಬುಟ್ಟಿ ಮೇಲಿಂದ ಇಳಿಬಿದ್ದು, ಫ್ಯಾನ್ ಹಾಕಿದಾಗಲೆಲ್ಲ ತೂಗಾಡಿತು. ಮಡಚುವ ಕುರ್ಚಿಗಳೆರಡು ಮೊಳೆಗೆ ನೇತಾಡುತ್ತ ದೊಡ್ಡವರ ಫೋಟೋಗಳಷ್ಟು ಗಂಭೀರವಾಗಿ ನಿಂತವು. ಸ್ಪಂದನಾಳ ಬಟ್ಟೆಗಳು ಮಂಚದ ಚೌಕಟ್ಟಿಗೇ ಸೇರಿದ್ದ ಪಕ್ಕದ ಕಪಾಟಿಗೆ ಹೋದವು. ನಾಲ್ಕು ಅಂಕಣ, ನಾಲ್ಕೂ ಅವಳದೇ. ಮೊದಲ ದಿನ ಬಟ್ಟೆ ಜೋಡಿಸಿ, ಬಾಗಿಲು ಮುಚ್ಚಿ, ಸುಮ್ಮನೆ ಮತ್ತೆ ತೆಗೆದು ನೋಡಿದಳು. ಖಾಲಿಯಾದ ಸೂಟ್‌ಕೇಸನ್ನು ತಾರಸಿಗೆ ಒಯ್ದು, ಚೂರಿಯಲ್ಲಿ ತಳಕ್ಕೆ ತೂತು ಹೊಡೆದು, ಮಣ್ಣು ತುಂಬಿ ಕೊತ್ತಂಬರಿ ಬಿತ್ತಿದಳು. ಹಾಗೆ ಮಾಡುವಾಗ ಅವಳ ಮುಖದಲ್ಲಿದ್ದ ತೃಪ್ತಿ ನೋಡಿ ಶರಣ್‌ಗೆ ಸ್ವಲ್ಪ ಹೆದರಿಕೆಯೇ ಆಯಿತು.

ಶ್ರಾವಣ ಬಂತು. ಪಂಕ್ತಿಯ ತಾಲೀಮು ನಡೆಯಿತು. ಮಂಚದ ಚೌಕಟ್ಟು ಬಿಟ್ಟರೆ ಉಳಿಯುವ ಅಗಲ ಆರೂವರೆ ಅಡಿ. ಎದುರುಬದುರು ಎರಡು ಸಾಲು, ಒಳತುದಿಯಲ್ಲಿ ಎರಡರ ನಡುವೆ ಅಯ್ಯನವರು. ನೆಲಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಎಲೆಯ ಬದಲು ಪೇಪರು ಹಾಸಿ, ಜನರ ಬದಲು ಕೈಗೆ ಸಿಕ್ಕಿದ್ದನ್ನು ಕೂರಿಸಿದರು. ಗ್ಯಾಸ್ ಸಿಲಿಂಡರು ಮರುಳಸಿದ್ದಪ್ಪನವರಾಯಿತು. ಹಂಡೆ ನೀಲಗಂಗಮ್ಮ. ಸುತ್ತಿದ ಚಾಪೆ ಶರಣ್‌ನ ಅಣ್ಣ ಸುಮನ್, ಕುಕ್ಕರು ವಾರಗಿತ್ತಿ, ದಿಂಬು ಅಜ್ಜಿ, ಪುಟ್ಟ ಬಿಂದಿಗೆ ಸುಮನ್‌ನ ಮಗಳು ಪ್ರೇರಣಾ. ಯಲ್ಲಯ್ಯನವರನ್ನೂ ಅವರ ಹೆಂಡತಿಯನ್ನೂ ಕರೆಯಲೇಬೇಕು. ಅವರಿಗೆ ಎರಡು ಬಕೆಟ್ಟು. ಅಯ್ಯನವರ ಜಾಗದಲ್ಲಿ ಏನಿಡುವುದೆಂದು ತೋಚದೆ, ಗೌರವಕ್ಕೆ ಕುಂದಾಗದಿರಲೆಂದು ಹಿತ್ತಾಳೆ ದೀಪದ ಕಂಬ ನಿಲ್ಲಿಸಿದರು.

ಎಲ್ಲರೂ ಹಿಡಿದರು. ಒಂದಂಗುಲವೂ ಪೋಲಾಗಲಿಲ್ಲ.

"ಸಖತ್!" ಎಂದ ಶರಣ್. "ಅಪ್ಪನ ಕಡೆ ಸ್ವಲ್ಪ ಜಾಗ ಉಳಿದಿದೆ ನೋಡು."

"ಸಿಲಿಂಡರಿಗಿಂತ ಮಾವ ಸ್ವಲ್ಪ ಅಗಲ. ಸರಿಹೋಗುತ್ತೆ."

ಗೆದ್ದೆವೆಂದು ಅವತ್ತು ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದು ಬಂದರು. ಬಿಂದಿಗೆಗೆ ಬಡಿಸಬೇಕಾಗಿರಲಿಲ್ಲ ಎಂಬುದಾಗಲಿ, ಹಂಡೆ ಊಟ ಮುಗಿಸಿ ಕೈತೊಳೆಯಲು ಏಳುವುದಿಲ್ಲ ಎಂಬುದಾಗಲಿ ಇಬ್ಬರಿಗೂ ಹೊಳೆಯಲಿಲ್ಲ.

ಸೋಮವಾರ ಮೋಡ ಕವಿದಿತ್ತು. ಸ್ಪಂದನಾ ರಜೆ ಹಾಕಿ ನಸುಕಿಗೇ ಎದ್ದು ಹೂರಣ ರುಬ್ಬಿದ್ದಳು. ಹೋಳಿಗೆ, ಒಬ್ಬಟ್ಟಿನ ಸಾರು, ಹುರುಳಿಕಾಯಿ ಪಲ್ಯ, ಕೋಸಂಬರಿ, ಅನ್ನ, ಹಪ್ಪಳ. ಕೋಸಂಬರಿಗೆ ಸೂಟ್‌ಕೇಸಿನ ಕೊತ್ತಂಬರಿ. ಅಯ್ಯನವರು ಸ್ಕೂಟರಿನಲ್ಲಿ ಬಂದರು. ಹೆಸರು ಮಹಾಂತೇಶ್, ಹಬ್ಬಹರಿದಿನಗಳಲ್ಲಿ ಪೂಜೆ, ಉಳಿದ ದಿನ ವಿಮೆ ಪಾಲಿಸಿ ಮಾಡಿಸುವ ಕೆಲಸ. ಹೆಲ್ಮೆಟ್ ತೆಗೆದಾಗ ಹಣೆಯ ವಿಭೂತಿ ಅರ್ಧ ಹೆಲ್ಮೆಟ್ಟಿಗೇ ಹೋಗಿತ್ತು. ಬಾಗಿಲಲ್ಲೇ ಪಾದಪೂಜೆಯಾಯಿತು.

ನೀಲಗಂಗಮ್ಮ ಮೊದಲ ಸಲ ಹೊಸಿಲು ದಾಟಿದರು. ಹಳದಿ ಗೋಡೆ ನೋಡಿದರು, ಗಂಡನ ಮುಖ ನೋಡಿದರು. ಮರುಳಸಿದ್ದಪ್ಪನವರು ಈರುಳ್ಳಿ ಬುಟ್ಟಿ ನೋಡಿದರು.

"ಸೂಪರ್ ಆಗಿದೆ ಕಣೇ" ಎಂದಳು ವನಿತಾ, ಗೋಡೆಗೆ ನೇತುಬಿದ್ದ ಕುರ್ಚಿಗಳನ್ನು ಮುಟ್ಟಿ ನೋಡುತ್ತ. "ನಮ್ಮನೇಲಿ ಗಂಡಸರನ್ನೂ ಹೀಗೆ ತೂಗುಹಾಕೋ ಹಾಗಿದ್ರೆ ಗುಡಿಸೋಕೆ ಎಷ್ಟು ಸುಲಭ ಅಲ್ವಾ?"

ಎಲೆ ಹಾಸಿದರು. ಗೌರವದ ಜಾಗ ಒಳತುದಿಯಲ್ಲಿ, ಹಳದಿ ಗೋಡೆಗೆ ಬೆನ್ನು ಹಾಕಿ ಪೂರ್ವಕ್ಕೆ ಮುಖ. ಅಯ್ಯನವರು ಅಲ್ಲಿ ಕೂತರು. ಆ ಕಡೆ ಈ ಕಡೆ ಉಳಿದವರು. ಯಲ್ಲಯ್ಯ ಬಾಗಿಲ ಹತ್ತಿರ. ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರಾಗಿ ದುಡಿದ ಅವರ ಬಾಯಿ ಸುಮ್ಮನಿರಲಿಲ್ಲ: "ಒಳಗೆ ಹೋಗಿ, ಒಳಗೆ ಹೋಗಿ, ಮುಂದೆ ಖಾಲಿ ಇದೆ." ಎಲ್ಲರೂ ಹಿಡಿದರು. ಮೊಣಕಾಲಿಗೆ ಮೊಣಕಾಲು, ಎಲೆಗೆ ಎಲೆ ತಾಗಿ, ನೆಲವೇ ಕಾಣದಂತೆ ಹಸಿರು ಹಾಸಿದ ಹಾಗಾಯಿತು.

ಸ್ಪಂದನಾ ಕೋಸಂಬರಿ ಪಾತ್ರೆ ಹಿಡಿದು ಬಡಿಸಲು ಹೆಜ್ಜೆ ಎತ್ತಿದಳು. ಎತ್ತಿದ ಕಾಲನ್ನು ಇಡಲು ಜಾಗವಿರಲಿಲ್ಲ.

ಅವಳು ಒಂಟಿ ಕಾಲಿನಲ್ಲಿ ಕೊಕ್ಕರೆಯ ಹಾಗೆ ಬಾಗಿಲಲ್ಲಿ ನಿಂತಿದ್ದಳು. ಎಲೆ ದಾಟುವ ಹಾಗಿಲ್ಲ. ಕೂತವರು ಸರಿಯುವ ಹಾಗಿಲ್ಲ, ಹಿಂದೆ ಗೋಡೆ. ಒಬ್ಬರನ್ನು ಎಬ್ಬಿಸಿದರೂ ಪಂಕ್ತಿ ಮುರಿಯಿತು. ಪಂಕ್ತಿ ಮುರಿದರೆ ನಾಲ್ಕು ಅಂಕಣದ ಕಪಾಟು ಹೋಯಿತು, ಹಳದಿ ಗೋಡೆ ಹೋಯಿತು, ಮತ್ತೆ ಮಂಡಿಯೂರಿ ಸೂಟ್‌ಕೇಸ್ ಎಳೆಯುವುದೇ. ಅದರಲ್ಲಿ ಈಗ ಕೊತ್ತಂಬರಿ ಬೇರೆ ಇತ್ತು.

ಅಭ್ಯಾಸಬಲದಿಂದ ನೀಲಗಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ತಾವೇ ಬಡಿಸಲು ಏಳಹೋದರು.

"ಎಲ್ಲಿ ಏಳ್ತೀಯ?" ಎಂದರು ಮರುಳಸಿದ್ದಪ್ಪನವರು. "ನಿನ್ನ ಮೊಣಕಾಲು ನನ್ನ ಎಲೆ ಮೇಲಿದೆ. ಕೂತ್ಕೋ."

ಕೂತರು. ಸೊಸೆಯ ಕಡೆ ನೋಡಿದರು. "ಹೂಂ?" ಎಂದರು. ಅಷ್ಟೇ.

ಸ್ಪಂದನಾಳ ಕಣ್ಣು ಅಯ್ಯನವರ ತಲೆಯ ಮೇಲಿದ್ದ ಕಿಟಕಿಗೆ ಹೋಯಿತು. ಹಳೆಯ ಕಾಲದ ಕಿಟಕಿ, ಸಾದಾ ಸರಳು, ನಡುವೆ ಕೈ ತೂರುವಷ್ಟು ಸಂದು. ಕೋಣೆಯ ಸುತ್ತ ತಾರಸಿ ಇದ್ದೇ ಇತ್ತು.

"ಶರಣ್, ಪಾತ್ರೆಗಳೆಲ್ಲ ಆಚೆ ತಾ" ಎಂದಳು. "ನೀನು ಆ ಪಕ್ಕದ ಕಿಟಕಿ. ನಿನ್ನ ಕೈ ಉದ್ದ ಇದೆ, ಎರಡೂ ಸಾಲು ನೋಡ್ಕೋ. ನಾನು ಹಿಂದಿನ ಕಿಟಕಿ."

ಒಂದು ನಿಮಿಷ ಕಳೆದ ಮೇಲೆ ಅಯ್ಯನವರ ಬಲಗಿವಿಯ ಪಕ್ಕದಲ್ಲಿ ಬಳೆ ತೊಟ್ಟ ಕೈಯೊಂದು ಇಳಿದು ಬಂದು, ಎಲೆಯ ತುದಿಗೆ ಉಪ್ಪು ಬಡಿಸಿ ಮಾಯವಾಯಿತು. ಮತ್ತೆ ಬಂದು ಕೋಸಂಬರಿ ಇಟ್ಟಿತು.

"ದೇವರು ಪ್ರತ್ಯಕ್ಷ ಆದ ಹಾಗಿದೆ" ಎಂದರು ಅಯ್ಯನವರು, ಕತ್ತು ತಿರುಗಿಸದೆ.

"ಬೆನ್ನ ಹಿಂದಿನಿಂದ ಬಡಿಸ್ತಾರೇನೇ ಯಾರಾದ್ರೂ!" ಎಂದು ನೀಲಗಂಗಮ್ಮ ಕೂಗಿದರು.

"ಮುಂದೆ ಜಾಗ ಇದ್ರೆ ಮುಂದಿನಿಂದ್ಲೇ ಬಡಿಸ್ತೀನಿ ಅತ್ತೆ" ಎಂದಿತು ಕಿಟಕಿ.

ಪಕ್ಕದ ಕಿಟಕಿಯಿಂದ ಶರಣ್‌ನ ಕೈ ಭುಜದವರೆಗೂ ಒಳಗೆ ಬಂದು, ಸೌಟು ಚಾಚಿ, ಎದುರು ಸಾಲಿನವರೆಗೂ ತಲುಪಿತು. ಅವನ ಎತ್ತರದಿಂದ ಆ ಮನೆಗೆ ಆದ ಮೊದಲ ಉಪಕಾರ ಅದು. ಹಪ್ಪಳ ಸಂದಿನಲ್ಲಿ ತೂರಲಿಲ್ಲ, ಮುರಿದು ಕೊಟ್ಟ. ಹೋಳಿಗೆಯನ್ನು ನಾಲ್ಕಾಗಿ ಮಡಚಿ ಕೊಟ್ಟ. ತುಪ್ಪ ಬಡಿಸುವಾಗ ಮಾತ್ರ ಗುರಿ ತಪ್ಪಿ, ಪ್ರೇರಣಾಳ ಎಲೆಗೆ ಬೀಳಬೇಕಾದದ್ದು ಸುಮನ್‌ನ ಮಂಡಿಗೆ ಬಿತ್ತು.

"ಮಗಾ, ನಾನು ಹೋಳಿಗೆ ಅಲ್ಲ ಕಣೋ" ಎಂದ ಸುಮನ್.

ಹೊರಗೆ ಹನಿಯತೊಡಗಿತು. ಸ್ಪಂದನಾ ಕೊಡೆಯನ್ನು ಹೋಳಿಗೆಯ ಪಾತ್ರೆಗೆ ಹಿಡಿದು ತಾನು ನೆನೆದಳು. ಇಬ್ಬರೂ ಟ್ಯಾಂಕಿನ ಪೈಪು ದಾಟುತ್ತ, ಕಿಟಕಿಯಿಂದ ಕಿಟಕಿಗೆ ಪಾತ್ರೆ ಹೊತ್ತು ಓಡಾಡಿದರು. ಎದುರಿಗೆ ಬಂದಾಗಲೆಲ್ಲ ಶರಣ್ "ಸೈಡ್ ಸೈಡ್" ಎನ್ನುತ್ತಿದ್ದ. ಒಮ್ಮೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಗು ತಡೆಯಲಾರದೆ, ಸಾರಿನ ಪಾತ್ರೆ ಕೆಳಗಿಟ್ಟು ನಕ್ಕರು. ಒಳಗಿನಿಂದ ಯಲ್ಲಯ್ಯ, "ಸಾರು ಬರ್ಲಿ, ಸಾರು! ಲಾಸ್ಟ್ ಸ್ಟಾಪಲ್ಲಿ ಇನ್ನೂ ಬಂದಿಲ್ಲ" ಎಂದು ಕೂಗಿದರು.

ಅಜ್ಜಿ ಅಕ್ಕಯಮ್ಮನಿಗೆ ಕಣ್ಣು ಮಬ್ಬು. ಎದುರಿನ ಕನ್ನಡಿಯನ್ನೇ ದಿಟ್ಟಿಸುತ್ತಿದ್ದವರು ಇದ್ದಕ್ಕಿದ್ದಂತೆ ಕೇಳಿದರು: "ಆ ರೂಮಿನೋರಿಗೆ ಹೋಳಿಗೆ ಬಡಿಸಿದ್ರೇನೇ? ಪಾಪ, ಅಲ್ಲೊಬ್ಬಳು ಮುದುಕಿ ನನ್ನನ್ನೇ ನೋಡ್ತಾ ಕೂತಿದ್ದಾಳೆ."

ಪಂಕ್ತಿಯೇ ನಗುವಿಗೆ ಅಲುಗಾಡಿತು. ಹೋಳಿಗೆ ಗಂಟಲಿಗೆ ಸಿಕ್ಕ ವನಿತಾಳ ಬೆನ್ನಿಗೆ ಮೂರು ಕಡೆಯಿಂದ ಕೈಗಳು ಬಿದ್ದವು. ಯಾರೂ ಕೂತಲ್ಲಿಂದ ಕದಲಬೇಕಾಗಲಿಲ್ಲ.

ಎಲ್ಲ ಮುಗಿಯಿತು ಎನ್ನುವಾಗ ಎರಡನೆಯ ತೊಡಕು ಎದುರಾಯಿತು. ಪಂಕ್ತಿಯಲ್ಲಿ ಅಯ್ಯನವರು ಏಳುವವರೆಗೆ ಯಾರೂ ಏಳುವ ಹಾಗಿಲ್ಲ. ಅಯ್ಯನವರು ಕೂತದ್ದು ಎಲ್ಲರಿಗಿಂತ ಒಳಗೆ. ಅವರು ಬಾಗಿಲಿಗೆ ಬರಬೇಕೆಂದರೆ ಉಂಡ ಎಲೆಗಳನ್ನೆಲ್ಲ ತುಳಿದು ಬರಬೇಕು. ತುಳಿಯದಿರಬೇಕೆಂದರೆ ಬಾಗಿಲ ಕಡೆಯವರು ಮೊದಲು ಎದ್ದು ಎಲೆ ತೆಗೆಯಬೇಕು. ಅವರು ಏಳುವ ಹಾಗಿಲ್ಲ. ಹೊರಗೆ ನಿಂತ ಸ್ಪಂದನಾ ಕಿಟಕಿಯ ಸರಳು ಹಿಡಿದು ಒಳಗೆ ಇಣುಕಿದಳು. ನೀಲಗಂಗಮ್ಮ ಮತ್ತೆ "ಹೂಂ?" ಎಂದರು.

ಅಯ್ಯನವರು ಸುತ್ತ ನೋಡಿದರು. ಬಲಗೈ ಎಲೆಯ ಮೇಲೇ ಇಟ್ಟುಕೊಂಡು ಯೋಚಿಸಿದರು. ವಿಮೆ ಮಾಡಿಸುವವರಿಗೆ ನಿಯಮದ ಪ್ರತಿ ಅಕ್ಷರವನ್ನೂ ಬಿಡಿಸಿ ನೋಡುವ ಅಭ್ಯಾಸವಿರುತ್ತದೆ. ಎಡಗೈ ಗೋಡೆಗೆ ಊರಿ, ಇದ್ದಲ್ಲೇ ನೆಟ್ಟಗೆ ಎದ್ದು ನಿಂತರು.

"ನಾನು ಎದ್ದಾಯ್ತು" ಎಂದರು. "ಏಳೋದು ಯಾರು ಮೊದಲು ಅಂತ ಮಾತ್ರ ಪದ್ಧತಿ ಇರೋದು. ಆಚೆ ಹೋಗೋದು ಯಾರು ಮೊದಲು ಅಂತ ಯಾರೂ ಹೇಳಿಲ್ಲ. ಯಲ್ಲಯ್ಯನೋರೇ, ನಿಮ್ಮ ಕಡೆಯಿಂದ ಶುರು ಮಾಡಿ."

ಯಲ್ಲಯ್ಯನವರಿಗೆ ಅಷ್ಟು ಸಾಕಿತ್ತು. "ಹೋಲ್ಡಾನ್! ಬಾಗಿಲ ಹತ್ರ ಇರೋರು ಇಳೀರಿ. ನಿಮ್ಮ ನಿಮ್ಮ ಎಲೆ ನೀವೇ ತಗೊಳ್ಳಿ. ಅಜ್ಜಿ, ನಿಮ್ಮ ಸ್ಟಾಪ್ ಬಂತು. ಹಾಂ, ರೈಟ್ ರೈಟ್!"

ಒಬ್ಬೊಬ್ಬರಾಗಿ ಎಲೆ ಮಡಚಿ ಹಿಡಿದು ಇಳಿದರು. ಕೊನೆಗೆ ಅಯ್ಯನವರು ಬರಿದಾದ ನೆಲದ ಮೇಲೆ ರಾಜಠೀವಿಯಲ್ಲಿ ನಡೆದು ಹೋಗಿ ನಲ್ಲಿಯಲ್ಲಿ ಕೈ ತೊಳೆದರು. ಹೋಗುವಾಗ ಸುಮನ್‌ಗೆ ಒಂದು ಪಾಲಿಸಿಯ ವಿಷಯ ಹೇಳುವುದನ್ನು ಮರೆಯಲಿಲ್ಲ.

ಹನಿ ನಿಂತಿತು. ಉಳಿದವರು ತಾರಸಿಯಲ್ಲಿ ಅಡಿಕೆ ಜಗಿಯುತ್ತ ನಿಂತರು. ಒಳಗೆ ನೆಲ ಒರೆಸುತ್ತಿದ್ದ ಸ್ಪಂದನಾಳ ಹತ್ತಿರ ನೀಲಗಂಗಮ್ಮ ಬಂದರು. ಕಪಾಟಿನ ಬಾಗಿಲು ತೆಗೆದು ನೋಡಿ ಮುಚ್ಚಿದರು. ಈರುಳ್ಳಿ ಬುಟ್ಟಿಯನ್ನು ಬೆರಳಿನಿಂದ ತಳ್ಳಿದರು.

"ಮನೆಮಂದಿ ಎಲ್ಲಾ ಒಂದೇ ಪಂಕ್ತಿ ಅಂದಿದ್ದೆ" ಎಂದರು. "ನೀವಿಬ್ರೂ ಕೂರ್ಲಿಲ್ಲ. ಹೊರಗೇ ಇದ್ರಿ."

ಸ್ಪಂದನಾ ಬೆಳಗ್ಗಿನಿಂದ ಏನೂ ತಿಂದಿರಲಿಲ್ಲ. ಕುರ್ತಾ ಮೈಗೆ ಅಂಟಿತ್ತು. ನಯವಾಗಿ ಮಾತಾಡುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

"ಬಡಿಸೋರು ಯಾವತ್ತು ಪಂಕ್ತೀಲಿ ಕೂತಿದ್ದಾರೆ ಅತ್ತೆ? ಉತ್ತರಹಳ್ಳೀಲಿ ಅಷ್ಟು ದೊಡ್ಡ ಹಾಲ್ ಇದೆ. ನಾನು ಒಂದು ದಿನ ಕೂತಿದ್ದೀನಾ? ವನಿತಕ್ಕ ಕೂತಿದ್ದಾರಾ? ನೀವು ಕೂತಿದ್ದೀರಾ?"

ಹೇಳಿಬಿಟ್ಟು ಬಟ್ಟೆ ಹಿಂಡುತ್ತ ತಲೆ ತಗ್ಗಿಸಿದಳು.

ನೀಲಗಂಗಮ್ಮ ಸೊಂಟಕ್ಕೆ ಸಿಕ್ಕಿಸಿದ ಸೆರಗು ಇನ್ನೂ ಹಾಗೆಯೇ ಇತ್ತು. ಅದನ್ನು ಅವರೇ ನೋಡಿಕೊಂಡರು.

"ಇಲ್ಲ" ಎಂದರು. "ಮದುವೆ ಆದ್ಮೇಲೆ ಮೊದಲ ಪಂಕ್ತೀಲಿ ಕೂತಿದ್ದು ಇವತ್ತೇ. ಎದ್ದೇಬಿಡ್ತಿದ್ದೆ, ಏಳೋಕೆ ಜಾಗ ಇರ್ಲಿಲ್ಲ." ಸೆರಗು ಬಿಡಿಸಿಕೊಳ್ಳುತ್ತ, "ಹೋಳಿಗೆ ಬಿಸಿ ಇದ್ದಾಗ ಹೀಗಿರುತ್ತಾ? ನಾನೇ ಮಾಡ್ತೀನಿ ಇಷ್ಟು ವರ್ಷದಿಂದ, ನಂಗೇ ಗೊತ್ತಿರ್ಲಿಲ್ಲ ನೋಡು" ಎಂದರು.

ಸ್ಪಂದನಾ ತಲೆ ಎತ್ತಿದಳು.

"ಕೋಸಂಬರಿಗೆ ಉಪ್ಪು ಕಮ್ಮಿ" ಎಂದು ಸೇರಿಸಿದರು ಅತ್ತೆ. "ಎಲೆ ಹಾಕು ಎರಡು. ಕರಿ ಅವನ್ನ."

ಗಂಡ ಹೆಂಡತಿ ಅಯ್ಯನವರು ಕೂತ ಜಾಗದಲ್ಲಿ, ಹಳದಿ ಗೋಡೆಗೆ ಒರಗಿ ಕೂತರು. ನೀಲಗಂಗಮ್ಮ ಸೌಟು ಹಿಡಿದು ಮುಂದಿನಿಂದಲೇ, ಸರಿಯಾದ ಕ್ರಮದಲ್ಲಿ, ಎಡತುದಿಯ ಉಪ್ಪಿನಿಂದ ಶುರುಮಾಡಿ ಬಡಿಸಿದರು. ಕಟ್ಟೆಯಿಂದ ಎಲೆಗೆ ಎರಡು ಹೆಜ್ಜೆ.

"ಇದೊಂದು ಅನುಕೂಲ ಇದೆ" ಎಂದು ಗೊಣಗಿದರು. "ನಮ್ಮನೇಲಿ ಸಾರು ತರೋ ಹೊತ್ತಿಗೆ ಕಾಲು ಬಿದ್ದುಹೋಗುತ್ತೆ."

ಎರಡನೆಯ ಹೋಳಿಗೆ ಬೇಡವೆಂದ ಶರಣ್‌ನ ಎಲೆಗೆ ಎರಡು ಬಿದ್ದವು. ಸ್ಪಂದನಾ ಬೇಡವೆನ್ನಲಿಲ್ಲ, ಮೂರು ತಿಂದಳು.

ಎಲೆ ತೆಗೆದಾದ ಮೇಲೆ ನೀಲಗಂಗಮ್ಮ ಸೊಂಟ ಒತ್ತಿಕೊಂಡು ಸುತ್ತ ನೋಡಿದರು. "ಆ ಮಂಚ ಹೇಗೋ ಇಳಿಯುತ್ತೆ ಅಂದ್ಯಲ್ಲ, ಇಳಿಸು ನೋಡೋಣ."

ಶರಣ್ ಹಿಡಿ ಎಳೆದ. ಕನ್ನಡಿ ಕೆಳಗೆ ಹೋಗಿ ಹಾಸಿಗೆ ಮೇಲೆ ಬಂತು. ನೀಲಗಂಗಮ್ಮ ಕೈಯಿಂದ ಒತ್ತಿ ನೋಡಿದರು. ಅಂಚಿಗೆ ಕೂತರು. ಕಾಲು ಮೇಲೆತ್ತಿಕೊಂಡರು. "ಸುಮ್ನೆ ಬೆನ್ನು ಚಾಚ್ತೀನಿ ಅಷ್ಟೇ. ನಿದ್ದೆಗಿದ್ದೆ ಏನಿಲ್ಲ. ಐದು ನಿಮಿಷಕ್ಕೆ ಹೊರಡೋದೇ" ಎಂದು ಗೋಡೆಯ ಕಡೆ ಹೊರಳಿದರು.

ಮಂಚ ಇಳಿದ ಮೇಲೆ ನೆಲವಿರಲಿಲ್ಲವಾದ್ದರಿಂದ ಇಬ್ಬರೂ ಹೊರಗೆ ಬಂದು ಬಾಗಿಲಲ್ಲಿ ನಿಂತರು. ತಾರಸಿಯಲ್ಲಿ ಮರುಳಸಿದ್ದಪ್ಪನವರು ಸೂಟ್‌ಕೇಸಿನ ಕೊತ್ತಂಬರಿಯನ್ನು ಬಗ್ಗಿ ಪರೀಕ್ಷಿಸುತ್ತಿದ್ದರು.

"ಏನಂದ್ಲಮ್ಮ ನಿಮ್ಮತ್ತೆ? ಮನೆಯೋ, ಬೀರೋ?" ಎಂದು ಪಿಸುಗುಟ್ಟಿದರು.

ಸ್ಪಂದನಾ ತುಟಿಗೆ ಬೆರಳಿಟ್ಟು ಒಳಗೆ ತೋರಿಸಿದಳು. ಗೊರಕೆ ಕೇಳಿಸುತ್ತಿತ್ತು. ಮೊದಲು ಸಣ್ಣಗೆ, ಆಮೇಲೆ ಸ್ವಂತ ಮನೆಯಲ್ಲಿ ಹೊಡೆಯುವ ಗೊರಕೆ. ಮರುಳಸಿದ್ದಪ್ಪನವರು ಬಾಯಿ ತೆರೆದುಕೊಂಡು ಹೆಂಡತಿಯನ್ನು ನೋಡಿದರು. ವನಿತಾ, ಸುಮನ್ ಕಿಟಕಿಗೆ ಬಂದು ಇಣುಕಿದರು. ಅರಸೀಕೆರೆಯ ಚಿಕ್ಕಮ್ಮನಿಗೆ ಕಳಿಸಬೇಕೆಂದು ವನಿತಾ ಫೋನಿನಲ್ಲಿ ಗೊರಕೆ ರೆಕಾರ್ಡ್ ಮಾಡತೊಡಗಿದಳು.

"ಲೇ" ಎಂದ ಶರಣ್ ಹೆಂಡತಿಯ ಕಿವಿಯಲ್ಲಿ. "ಆ ಉಳಿದ ಸ್ಕ್ರೂ..."

"ಸುಮ್ನಿರು" ಎಂದಳು ಸ್ಪಂದನಾ. "ತಡೆಯುತ್ತೆ."

ಒಳಗಿನಿಂದ ಗೊರಕೆ ನಿಂತಿತು. ಎಲ್ಲರೂ ಉಸಿರು ಬಿಗಿಹಿಡಿದರು.

"ಫ್ಯಾನ್ ಜೋರು ಮಾಡ್ರೋ ಯಾರಾದ್ರೂ" ಎಂದರು ನೀಲಗಂಗಮ್ಮ ಕಣ್ಣು ತೆರೆಯದೆ. "ಸಂಜೆ ಕಾಫಿಗೆ ಎಬ್ಬಿಸಿ."